ನಗುವಿನ ಮನೆಯಿಂದ ಬಂದ ಗುಮ್ಮ

ಗುಮ್ಮನಿಗೆ ಕಥೆಯಿಲ್ಲ. ಕನ್ನಡ ನಾಡಿನ ಮನೆಮನೆಯಲ್ಲಿ ತಲೆಮಾರುಗಳಿಂದ ಮಕ್ಕಳನ್ನು ಹೆದರಿಸುತ್ತ ಬಂದಿದ್ದರೂ ಅವನು ಯಾರ ಮಗ, ಹಗಲೆಲ್ಲ ಎಲ್ಲಿರುತ್ತಾನೆ, ಹಿಡಿದುಕೊಂಡು ಹೋದ ಮಕ್ಕಳನ್ನು ಏನು ಮಾಡುತ್ತಾನೆ ಎಂಬುದನ್ನು ಯಾರೂ ಹೇಳಿಲ್ಲ. ಪುರಂದರದಾಸರ ಕೀರ್ತನೆಯಲ್ಲಿ ಬಾಲಕೃಷ್ಣನಂಥ ಬಾಲಕೃಷ್ಣನೇ ಗುಮ್ಮನಿಗೆ ಅಂಜಿ ತಾಯಿಯ ಮುಂದೆ ಅಂಗಲಾಚುತ್ತಾನೆ. ಅಲ್ಲಿಯೂ ಗುಮ್ಮ ಮುಖ ತೋರಿಸುವುದಿಲ್ಲ, ತೋರಿಸಬೇಕಾಗಿಯೂ ಇಲ್ಲ. ತುತ್ತು ಒಳಗೆ ಹೋಯಿತು, ಹಠ ನಿಂತಿತು, ಕಣ್ಣು ಮುಚ್ಚಿತು ಎಂದರೆ ಅವನ ಕೆಲಸ ಮುಗಿಯಿತು. ಹೆದರಿಸುವುದಕ್ಕೆ ಒಂದು ಹೆಸರು ಸಾಕು. ಭಯದ ಕಥೆ ಹೇಳುವುದಕ್ಕೆ ಬೇರೆಯದೇ ವಿದ್ಯೆ ಬೇಕು. ಮಕ್ಕಳಿಗಾಗಿ ಭಯದ ಕಥೆ ಬರೆಯುವವರು ಎಂಬ ಒಂದು ವರ್ಗ ಪ್ರಪಂಚದಲ್ಲಿ ಹೇಗೆ ಹುಟ್ಟಿಕೊಂಡಿತು ಎಂದು ಹುಡುಕುತ್ತ ಹೋದರೆ, ಅವರು ಗುಮ್ಮನನ್ನು ಕರೆಯುವವರ ಸಂತಾನ ಎಂದು ಮೊದಲು ಅನ್ನಿಸುವುದು ಸಹಜ. ಆದರೆ ದಾಖಲೆಗಳು ಬೇರೆ ಮಾತು ಹೇಳುತ್ತವೆ. ಈ ಕಸುಬಿಗೆ ಬಂದವರಲ್ಲಿ ಬಹುಪಾಲು ಜನ ನಗಿಸುವವರ ಮನೆಯಿಂದ ಬಂದವರು. ಇದು ಆಕಸ್ಮಿಕವಲ್ಲ, ಕಸುಬಿನ ಒಳಗುಟ್ಟೇ ಅದು ಎಂಬುದು ನನ್ನ ವಾದ.

ಮೊದಲು ಬೆದರಿಸುವವರ ಕಡೆಯನ್ನೇ ನೋಡೋಣ, ಏಕೆಂದರೆ ಅವರು ಬರೆದದ್ದು ಕಡಿಮೆಯೇನಲ್ಲ. ಇಂಗ್ಲೆಂಡಿನ ಪಾದ್ರಿ ಜೇಮ್ಸ್ ಜೇನ್‌ವೇ 1670ರ ದಶಕದ ಆರಂಭದಲ್ಲಿ ಮಕ್ಕಳಿಗೆಂದೇ ಒಂದು ಪುಸ್ತಕ ಬರೆದ. ಅದರ ತುಂಬ ಇರುವುದು ದೈವಭಕ್ತ ಮಕ್ಕಳ ಸಾವಿನ ವಿವರ. ಮೇರಿ ಮಾರ್ತಾ ಶರ್ವುಡ್ ಎಂಬಾಕೆ ಸೈನ್ಯಾಧಿಕಾರಿಯ ಹೆಂಡತಿಯಾಗಿ 1805ರಿಂದ ಹತ್ತು ವರ್ಷಕ್ಕೂ ಮಿಕ್ಕಿ ನಮ್ಮ ದೇಶದಲ್ಲೇ, ಕಾನ್ಪುರ ಮೀರತ್‌ಗಳ ಕಡೆ ಇದ್ದವಳು. ಊರಿಗೆ ಮರಳಿ 1818ರಲ್ಲಿ ಪ್ರಕಟಿಸಿದ ‘ಫೇರ್‌ಚೈಲ್ಡ್ ಕುಟುಂಬದ ಇತಿಹಾಸ’ದಲ್ಲಿ ಅವಳು ಬರೆದ ಒಂದು ಪ್ರಸಂಗ ಇಂದು ಓದಿದರೂ ಹೊಟ್ಟೆ ತೊಳಸುತ್ತದೆ. ಮಕ್ಕಳು ಒಂದು ಬೊಂಬೆಗಾಗಿ ಜಗಳವಾಡುತ್ತಾರೆ. ತಂದೆ ಅವರನ್ನು ಕಾಡಿನ ದಾರಿಯಲ್ಲಿ ನಡೆಸಿಕೊಂಡು ಹೋಗಿ ನೇಣುಗಂಬದ ಮುಂದೆ ಕೂರಿಸುತ್ತಾನೆ. ಅಲ್ಲಿ ಒಡಹುಟ್ಟಿದವನನ್ನು ಕೊಂದವನ ಹೆಣ ಸರಪಳಿಯಲ್ಲಿ ತೂಗುತ್ತಿದೆ, ಗಾಳಿಗೆ ಸರಪಳಿ ಸದ್ದು ಮಾಡುತ್ತಿದೆ. ಜಗಳ ಎಲ್ಲಿಗೆ ಮುಟ್ಟುತ್ತದೆ ನೋಡಿ ಎಂದು ಪಾಠವಾಗುತ್ತದೆ. ಭಯ ಹುಟ್ಟಿಸುವ ಸಾಮಗ್ರಿಗೆ ಇಲ್ಲಿ ಕೊರತೆಯೇ ಇಲ್ಲ. ಕಾಡು, ಗಾಳಿ, ಸರಪಳಿ, ಹೆಣ ಎಲ್ಲವೂ ಇವೆ. ಆದರೂ ಶರ್ವುಡ್‌ಳನ್ನು ಯಾರೂ ಮಕ್ಕಳ ಭಯದ ಕಥೆಗಾರ್ತಿ ಎಂದು ಕರೆಯುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬರುವ ಹೊತ್ತಿಗೆ ಪ್ರಕಾಶಕರೇ ಆ ನೇಣುಗಂಬವನ್ನು ಕೆಲವು ಆವೃತ್ತಿಗಳಿಂದ ಕಿತ್ತುಹಾಕಿದರು. ಅದು ತಮಗೆ ಬೇಕು ಎಂದು ಮಕ್ಕಳು ಹಠ ಹಿಡಿದ ಸುದ್ದಿ ಎಲ್ಲಿಯೂ ಇಲ್ಲ. ಬೆದರಿಕೆಯ ಹಣೆಬರಹವೇ ಅಷ್ಟು. ಮಗು ಅದರಿಂದ ಪಾರಾಗಲು ನೋಡುತ್ತದೆಯೇ ಹೊರತು ‘ಇನ್ನೊಮ್ಮೆ ಹೇಳು’ ಎನ್ನುವುದಿಲ್ಲ.

ಈಗ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ವೈದ್ಯ ಹೈನ್ರಿಶ್ ಹಾಫ್‌ಮನ್‌ನ ಕಡೆ ಬನ್ನಿ. 1844ರ ಕ್ರಿಸ್‌ಮಸ್‌ಗೆ ಮೂರು ವರ್ಷದ ಮಗನಿಗೆ ಚಿತ್ರಪುಸ್ತಕ ತರಲು ಪೇಟೆಗೆ ಹೋದವನು, ಅಲ್ಲಿದ್ದ ಪುಸ್ತಕಗಳೆಲ್ಲ ನೀತಿಬೋಧೆಯಿಂದ ಜಡವಾಗಿವೆ ಎಂದು ಬೇಸತ್ತು ಒಂದು ಖಾಲಿ ನೋಟ್‌ಬುಕ್ ಕೊಂಡು ಮನೆಗೆ ಬಂದ. ಅವನಿಗೆ ಅದಾಗಲೇ ಒಂದು ರೂಢಿಯಿತ್ತು. ಕಾಯಿಲೆಯ ಮಕ್ಕಳು ವೈದ್ಯರನ್ನು ಕಂಡೊಡನೆ ಚೀರುವುದುಂಟಲ್ಲ, ಆಗ ಜೇಬಿನಿಂದ ಪೆನ್ಸಿಲ್ ತೆಗೆದು ಕೂದಲು ಬಾಚದ, ಉಗುರು ಕತ್ತರಿಸದ ಒಬ್ಬ ಹುಡುಗನನ್ನು ಗೀಚಿ ತೋರಿಸುತ್ತಿದ್ದ. ಮಗು ಅಳು ನಿಲ್ಲಿಸಿ ಚಿತ್ರ ನೋಡುವಷ್ಟರಲ್ಲಿ ಇವನು ನಾಡಿ ಹಿಡಿದು ಮುಗಿಸಿರುತ್ತಿದ್ದ. ಆ ಚಿತ್ರಗಳೇ ನೋಟ್‌ಬುಕ್ ಸೇರಿದವು. ಸೂಪ್ ಕುಡಿಯಲಾರೆ ಎಂದ ಗುಂಡುಗುಂಡಾದ ಕ್ಯಾಸ್ಪರ್ ದಿನದಿಂದ ದಿನಕ್ಕೆ ಸೊರಗಿ, ನಾಲ್ಕನೆಯ ದಿನ ದಾರದೆಳೆಯಂತಾಗಿ, ಐದನೆಯ ದಿನ ಸಾಯುತ್ತಾನೆ. ಗೋರಿಯ ಮೇಲೆ ಶಿಲುಬೆಯ ಜೊತೆಗೆ ಸೂಪಿನ ಪಾತ್ರೆಯೊಂದು ಕೂತಿದೆ. ಹೆಬ್ಬೆರಳು ಚೀಪುವ ಕೊನ್ರಾಡ್‌ನ ಮನೆಗೆ ಆಳೆತ್ತರದ ಕತ್ತರಿ ಹಿಡಿದ ದರ್ಜಿ ಜಿಗಿದು ಬಂದು ಎರಡೂ ಹೆಬ್ಬೆರಳುಗಳನ್ನು ಕತ್ತರಿಸಿಬಿಡುತ್ತಾನೆ. ಗೆಳೆಯರ ಒತ್ತಾಯಕ್ಕೆ ಇದು 1845ರಲ್ಲಿ ಅಚ್ಚಾಯಿತು. ‘ಸ್ಟ್ರುವೆಲ್‌ಪೀಟರ್’ ಎಂಬ ಹೆಸರು ಆಮೇಲೆ, 1847ರಲ್ಲಿ ಬಂದದ್ದು. ಮೊದಲ ಮುದ್ರಣದ ಮುಖಪುಟದ ಮೇಲೆ ಹಾಫ್‌ಮನ್ ಕೊಟ್ಟಿದ್ದ ಹೆಸರಿನ ಅರ್ಥ ‘ತಮಾಷೆಯ ಕಥೆಗಳು, ನಗೆಬರಿಸುವ ಚಿತ್ರಗಳು’ ಎಂದು. ಯುರೋಪಿನ ಮಕ್ಕಳು ನೂರೈವತ್ತು ವರ್ಷಕ್ಕೂ ಮಿಕ್ಕಿ ಬೆಚ್ಚಿಬಿದ್ದು ಓದುತ್ತ ಬಂದಿರುವ ಪುಸ್ತಕ ಲೋಕಕ್ಕೆ ಬಂದದ್ದು ನಗೆಪುಸ್ತಕವಾಗಿ.

ಹಾಫ್‌ಮನ್ ಕೂಡ ನೀತಿಯನ್ನೇ ಹೇಳಿದನಲ್ಲ, ಹೆಬ್ಬೆರಳು ಚೀಪಬೇಡ ಎಂಬುದು ಗುಮ್ಮನ ಮಾತೇ ಅಲ್ಲವೆ ಎಂದು ಯಾರಾದರೂ ಕೇಳಬಹುದು. ಆ ಕತ್ತರಿಯನ್ನು ನೋಡಿ ರಾತ್ರಿ ನಿದ್ದೆಗೆಟ್ಟ ಮಕ್ಕಳೂ ಇದ್ದಾರು, ಅದನ್ನು ಅಲ್ಲಗಳೆಯಲಾರೆ. ಆದರೆ ತಪ್ಪಿಗೂ ಶಿಕ್ಷೆಗೂ ಇರುವ ಅಳತೆಯನ್ನು ಗಮನಿಸಬೇಕು. ಶರ್ವುಡ್ ತನ್ನ ನೇಣುಗಂಬವನ್ನು ನಂಬಬಹುದಾದಷ್ಟು ನಿಜವಾಗಿ ನಿಲ್ಲಿಸುತ್ತಾಳೆ. ಹಾಫ್‌ಮನ್ ಶಿಕ್ಷೆಯನ್ನು ಎಷ್ಟು ಉಬ್ಬಿಸುತ್ತಾನೆಂದರೆ ಅದು ನೀತಿಯ ಕೈತಪ್ಪಿ ಹೋಗುತ್ತದೆ. ಗೋರಿಯ ಮೇಲಿನ ಸೂಪಿನ ಪಾತ್ರೆ ಯಾವ ಮಗುವಿಗೂ ಊಟದ ಪಾಠ ಹೇಳದು, ಅದು ಹಾಸ್ಯಗಾರನ ಕೈಚಳಕ. ಅದನ್ನು ಸರಿಯಾಗಿ ಗುರುತಿಸಿದವನು ಇನ್ನೊಬ್ಬ ಹಾಸ್ಯಗಾರನೇ. ಮಾರ್ಕ್ ಟ್ವೇನ್ 1891ರಲ್ಲಿ ಬರ್ಲಿನ್‌ನಲ್ಲಿದ್ದಾಗ ಆ ಪುಸ್ತಕವನ್ನು ತನ್ನ ಹೆಣ್ಣುಮಕ್ಕಳಿಗಾಗಿ ಇಂಗ್ಲಿಷಿಗೆ ತಂದ. ಇದಕ್ಕೆ ಅಪವಾದಗಳೂ ಇವೆ. ಹಾಫ್‌ಮನ್ನನ ಪುಸ್ತಕ ಅಚ್ಚಾದ ವರ್ಷವೇ ಡೆನ್ಮಾರ್ಕಿನ ಕಥೆಗಾರ ಆ್ಯಂಡರ್ಸನ್‌ನ ‘ಕೆಂಪು ಪಾದರಕ್ಷೆಗಳು’ ಕೂಡ ಬಂತು. ಅದರಲ್ಲಿ ಕುಣಿತ ನಿಲ್ಲಿಸಲಾರದ ಹುಡುಗಿಯ ಪಾದಗಳನ್ನು ವಧಕಾರ ಕೊಡಲಿಯಿಂದ ಕಡಿಯುತ್ತಾನೆ. 1882ರಲ್ಲಿ ಲೂಸಿ ಕ್ಲಿಫರ್ಡ್ ಬರೆದ ‘ಹೊಸ ಅಮ್ಮ’ ಕಥೆಯಲ್ಲಿ ಹಠಮಾರಿ ಮಕ್ಕಳ ತಾಯಿ ಮನೆ ಬಿಟ್ಟು ಹೋಗಿ, ಅವಳ ಜಾಗಕ್ಕೆ ಗಾಜಿನ ಕಣ್ಣುಗಳ, ಮರದ ಬಾಲದ ಇನ್ನೊಬ್ಬ ತಾಯಿ ಬರುತ್ತಾಳೆ. ಎರಡರಲ್ಲೂ ನಗುವಿಲ್ಲ, ಎರಡೂ ದೊಡ್ಡ ಕಥೆಗಳು. ನನ್ನ ವಾದಕ್ಕೆ ಇವು ಅಡ್ಡಬರುತ್ತವೆ ಎಂಬುದು ನಿಜ. ಆದರೆ ಇವು ಒಂಟಿಯಾಗಿ ನಿಂತವು. ಇಂಥ ಒಂದು ಕಥೆಯನ್ನು ಮಗು ಬದುಕಿನುದ್ದಕ್ಕೂ ನೆನಪಿಟ್ಟುಕೊಳ್ಳಬಹುದು, ಇಂಥ ಹತ್ತು ಬೇಕು ಎಂದು ಕೇಳುವುದಿಲ್ಲ. ಹತ್ತು ಬೇಕು ಎಂದು ಕೇಳುವ ಓದುಗ ಸಿಕ್ಕಿದ ಮೇಲಲ್ಲವೆ ಕಸುಬು ಕಸುಬಾಗುವುದು?

ಬರೆಯುವವರಿಗೆ ಮೊದಲು ಹೇಳುವವರಿದ್ದರು. ಅವರ ಮಾತು ಬಿಟ್ಟು ಈ ಚರಿತ್ರೆ ಬರೆದರೆ ಅನ್ಯಾಯವಾಗುತ್ತದೆ. ತತ್ತ್ವಜ್ಞಾನಿ ಜಾನ್ ಲಾಕ್ 1693ರಲ್ಲಿ ಮಕ್ಕಳ ಶಿಕ್ಷಣದ ಬಗ್ಗೆ ಬರೆಯುತ್ತ, ಮನೆಯ ಆಳುಗಳು ಭೂತ ಪಿಶಾಚಿಗಳ ಮಾತಾಡಿ ಮಕ್ಕಳನ್ನು ಅಂಕೆಯಲ್ಲಿಡುತ್ತಾರೆ, ಅದರಿಂದ ಮಕ್ಕಳು ಕತ್ತಲೆಗೆ ಹೆದರುವಂತಾಗುತ್ತದೆ ಎಂದು ದೂರಿದ. ದೂರು ಸುಳ್ಳಿರಲಾರದು. ಆದರೆ ಆಳುಗಳಿಗೆ ಗುಮ್ಮನಿಂದ ಮಾತ್ರ ಕೆಲಸ ಸಾಗುತ್ತಿರಲಿಲ್ಲ. ತಂದೆಯ ಬೆದರಿಕೆಯ ಹಿಂದೆ ಬೆತ್ತವಿದೆ, ಆಸ್ತಿಯಿದೆ, ಅಧಿಕಾರವಿದೆ. ಒಡೆಯನ ಮಗುವನ್ನು ಕೂರಿಸಿಕೊಳ್ಳಬೇಕಾದ ದಾದಿಗೆ ಅವೊಂದೂ ಇಲ್ಲ. ಅವಳಿಗಿದ್ದದ್ದು ನಾಲಿಗೆಯೊಂದೇ, ಆ ನಾಲಿಗೆ ಎಂಥದ್ದೆಂದು ತಿಳಿಯಬೇಕಾದರೆ ಚಾರ್ಲ್ಸ್ ಡಿಕನ್ಸ್ 1860ರಲ್ಲಿ ತನ್ನ ದಾದಿಯ ಕಥೆಗಳ ಬಗ್ಗೆ ಬರೆದ ಪ್ರಬಂಧ ನೋಡಬೇಕು. ಕ್ಯಾಪ್ಟನ್ ಮರ್ಡರರ್ ಎಂಬವನು ಮದುವೆಯಾಗಿ ತಿಂಗಳು ತುಂಬಿದೊಡನೆ ಹೆಂಡತಿಯ ಕೈಯಲ್ಲೇ ಕಡುಬಿನ ಹಿಟ್ಟು ಲಟ್ಟಿಸುತ್ತಾನೆ. ‘ಮಾಂಸ ಎಲ್ಲಿ’ ಎಂದು ಅವಳು ಕೇಳಿದರೆ ‘ಕನ್ನಡಿ ನೋಡಿಕೋ’ ಎನ್ನುತ್ತಾನೆ. ಹೀಗೆ ಒಬ್ಬಳಾದ ಮೇಲೆ ಒಬ್ಬಳು ಕಡುಬಾಗುತ್ತಾಳೆ. ಕೊನೆಗೆ ಒಬ್ಬಳು ಸಾಯುವ ಮುನ್ನ ತಾನೇ ವಿಷ ಕುಡಿದಿರುತ್ತಾಳೆ. ಅವಳನ್ನು ತಿಂದ ಕ್ಯಾಪ್ಟನ್ ನೀಲಿಗಟ್ಟಿ, ಮೈತುಂಬ ಮಚ್ಚೆಯೆದ್ದು, ನೆಲದಿಂದ ಸೂರು ಮುಟ್ಟುವಷ್ಟು ಊದಿ ಢಮಾರೆಂದು ಒಡೆದುಹೋಗುತ್ತಾನೆ. ದಾದಿ ಕಥೆ ಶುರುಮಾಡುವಾಗ ಎರಡೂ ಕೈಯಿಂದ ಗಾಳಿಯನ್ನು ಪರಚಿ ನರಳುತ್ತಿದ್ದಳಂತೆ. ಆ ಕನ್ನಡಿಯ ಮಾತನ್ನು ಮತ್ತೊಮ್ಮೆ ನೋಡಿ, ಅದರ ಕಟ್ಟು ಒಗಟಿನದು. ಮಗುವಿಗೆ ಉತ್ತರ ಹೊಳೆದ ಕ್ಷಣ ಒಗಟು ಬಿಡಿಸಿದ ಖುಷಿಯೂ ಬೆನ್ನುಹುರಿಯ ಚಳಿಯೂ ಒಟ್ಟಿಗೇ ಬರುತ್ತವೆ.

ಎರಡೂ ಒಟ್ಟಿಗೆ ಬರುವುದರ ಹಿಂದಿನ ಯಂತ್ರ ಯಾವುದು ಎಂಬುದನ್ನು ಬಿಚ್ಚಿ ತೋರಿಸಿದವನು ಮತ್ತೆ ಮಾರ್ಕ್ ಟ್ವೇನ್. ಅಮೆರಿಕದ ಮಿಸ್ಸೌರಿಯಲ್ಲಿ ಅವನ ಚಿಕ್ಕಪ್ಪನ ಜಮೀನಿನಲ್ಲಿ ಡ್ಯಾನ್ ಎಂಬ ಗುಲಾಮ ಕರಿಯ ಹಿರಿಯನೊಬ್ಬನಿದ್ದ. ರಾತ್ರಿ ಒಲೆಯ ಬೆಳಕಿನಲ್ಲಿ ಬಿಳಿಯ ಕರಿಯ ಮಕ್ಕಳನ್ನೆಲ್ಲ ಕೂರಿಸಿಕೊಂಡು ಅವನು ‘ಚಿನ್ನದ ತೋಳು’ ಕಥೆ ಹೇಳುತ್ತಿದ್ದ. ಸತ್ತ ಹೆಂಡತಿಯ ಚಿನ್ನದ ತೋಳಿಗಾಗಿ ಗೋರಿ ಅಗೆದ ಗಂಡನ ಹಿಂದೆ ಗಾಳಿಯಲ್ಲಿ ಒಂದು ದನಿ ಬರುತ್ತದೆ, ತೋಳು ಯಾರ ಹತ್ತಿರ ಎಂದು ಕೇಳುತ್ತ ಮೆಟ್ಟಿಲೇರುತ್ತದೆ, ಹಾಸಿಗೆಯ ಹತ್ತಿರ ನಿಲ್ಲುತ್ತದೆ. ಟ್ವೇನ್ ಈ ಕಥೆಯನ್ನು ಮುಂದೆ ವೇದಿಕೆಯ ಮೇಲೆ ಎಷ್ಟೋ ಸಲ ಹೇಳಿದ. 1895ರಲ್ಲಿ ಅದನ್ನು ಒಂದು ಪ್ರಬಂಧದ ಕೊನೆಗೆ ಇಟ್ಟ. ಪ್ರಬಂಧದ ವಿಷಯ ಯಾವುದು ಗೊತ್ತೆ? ಹಾಸ್ಯಕಥೆಯನ್ನು ಹೇಳುವ ಬಗೆ. ದೆವ್ವದ ಕಥೆ ಅಲ್ಲಿಗೆ ಉದಾಹರಣೆಯಾಗಿ ಬಂದದ್ದು ಒಂದೇ ಕಾರಣಕ್ಕೆ. ಕೊನೆಯ ಕೂಗಿಗೆ ಮುಂಚೆ ಕಥೆಗಾರ ಎಷ್ಟು ಹೊತ್ತು ಸುಮ್ಮನಿರಬೇಕು ಎಂಬ ಲೆಕ್ಕ ಎರಡಕ್ಕೂ ಒಂದೇ. ಮೌನ ಒಂದಿಷ್ಟು ಕಡಿಮೆಯಾದರೆ ಕೇಳುಗ ಸಿದ್ಧನಾಗಿರುವುದಿಲ್ಲ, ಒಂದಿಷ್ಟು ಹೆಚ್ಚಾದರೆ ಮುಂದೇನೆಂದು ಊಹಿಸಿಬಿಟ್ಟಿರುತ್ತಾನೆ. ಸರಿಯಾದ ಮೌನದ ತುದಿಯಲ್ಲಿ, ಎಲ್ಲರಿಗಿಂತ ಹೆಚ್ಚು ಮೈಮರೆತು ಕೂತಿರುವ ಒಂದು ಹುಡುಗಿಯನ್ನು ದಿಟ್ಟಿಸಿ, ತೋಳು ನಿನ್ನ ಹತ್ತಿರವೇ ಇದೆ ಎಂದು ಅರಚಬೇಕು. ಅವಳು ಚೀರಿ ಹಾರಿಬೀಳುತ್ತಾಳೆ, ಮರುಗಳಿಗೆಗೆ ಇಡೀ ಮನೆ ನಗುತ್ತದೆ. ಈ ಲೆಕ್ಕ ಬಲ್ಲವನಿಗೆ ನಗಿಸುವ ವಿದ್ಯೆಯಿಂದ ಹೆದರಿಸುವ ವಿದ್ಯೆಗೆ ದಾಟಲು ಹೊಸ್ತಿಲಷ್ಟೇ ಅಡ್ಡ. ಬೆತ್ತ ಹಿಡಿದವನಿಗೆ ಈ ಲೆಕ್ಕ ಕಲಿಯುವ ಅಗತ್ಯವೇ ಬೀಳಲಿಲ್ಲ. ಕಲಿತವರು, ಕಲಿಸಿದವರು ಅಡುಗೆಮನೆಯ ದಾದಿ ಮತ್ತು ಗುಲಾಮ. ಅವರ ಕಥೆಗಳು ಪುಸ್ತಕವಾದಾಗ ಮುಖಪುಟದ ಮೇಲೆ ಬಂದದ್ದು ಬೇರೆಯವರ ಹೆಸರು.

ನಮ್ಮ ಶಾಸ್ತ್ರ ಬಲ್ಲವರಿಂದ ಇಲ್ಲೊಂದು ಗಟ್ಟಿ ಆಕ್ಷೇಪ ಬರಬಹುದು. ಹಾಸ್ಯಕ್ಕೆ ಭಯಾನಕವೂ ಕರುಣವೂ ವಿರೋಧಿ ರಸಗಳು ಎಂದು ಹದಿನಾಲ್ಕನೆಯ ಶತಮಾನದ ವಿಶ್ವನಾಥ ‘ಸಾಹಿತ್ಯದರ್ಪಣ’ದಲ್ಲಿ ಸ್ಪಷ್ಟವಾಗಿಯೇ ಹೇಳಿದ್ದಾನೆ. ನಗು ಬಂದರೆ ಭಯ ಓಡಬೇಕು, ಭಯ ಬಂದರೆ ನಗು ಬತ್ತಬೇಕು. ಹಾಗಾದರೆ ಎರಡೂ ಒಂದೇ ಮನೆಯಲ್ಲಿ ಹೇಗೆ ಇದ್ದಾವು? ಉತ್ತರವೂ ಶಾಸ್ತ್ರದಲ್ಲೇ ಇದೆ. ವಿರೋಧಿ ರಸಗಳನ್ನು ಬೇರೆಬೇರೆ ಆಶ್ರಯಗಳಲ್ಲಿಟ್ಟರೆ ವಿರೋಧ ಕರಗುತ್ತದೆ ಎಂದು ವಿಶ್ವನಾಥನಿಗಿಂತ ಐನೂರು ವರ್ಷ ಹಿಂದೆಯೇ ಆನಂದವರ್ಧನ ಹೇಳಿಟ್ಟಿದ್ದ. ಮಕ್ಕಳ ಭಯದ ಕಥೆಯಲ್ಲಿ ಆಗುವುದು ಇದೇ. ಹೆದರಿಕೆ ಕಥೆಯೊಳಗಿನ ಹುಡುಗನದು, ನಗು ಕೇಳುತ್ತಿರುವ ಹುಡುಗನದು. ಗುಮ್ಮನ ಬೆದರಿಕೆಯಲ್ಲಿ ಈ ಎರಡು ಆಶ್ರಯಗಳಿಲ್ಲ, ಕೇಳುವ ಮಗುವೇ ಬಲಿ. ಅದಕ್ಕೇ ಅಲ್ಲಿ ನಗುವಿಗೆ ಜಾಗವಿಲ್ಲ, ಕಥೆಗೂ ಜಾಗವಿಲ್ಲ. ಕರಾವಳಿಯ ಯಕ್ಷಗಾನ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಕ್ಕಿಹಿಟ್ಟು ಸುಣ್ಣ ಕಲಸಿದ ಚುಟ್ಟಿಯನ್ನು ಮುಖದ ಮೇಲೆ ಒಂದೊಂದೇ ಮುಳ್ಳಾಗಿ ಇಟ್ಟುಕೊಂಡು, ಗಂಟೆಗಟ್ಟಲೆ ಕೂತು ಬಣ್ಣ ಬರೆದುಕೊಂಡ ರಾಕ್ಷಸ ತೆರೆಯ ಹಿಂದಿನಿಂದ ಆರ್ಭಟಿಸಿದಾಗ ಚೌಕಿಯ ಹತ್ತಿರ ಸುಳಿದಾಡುತ್ತಿದ್ದ ಮಕ್ಕಳು ಅಮ್ಮನ ಸೆರಗು ಹುಡುಕುತ್ತಾರೆ. ಅದೇ ರಾಕ್ಷಸನ ದೂತನಾಗಿ ಹಾಸ್ಯಗಾರ ಬಂದರೆ ಅದೇ ಮಕ್ಕಳು ಬಿದ್ದುಬಿದ್ದು ನಗುತ್ತಾರೆ. ಭಾಷೆಗೂ ಇದು ಗೊತ್ತು. ರಾಕ್ಷಸನ ಅತಿ ಭಯಂಕರವಾದ ಸದ್ದಿಗೆ ನಾವು ಇಟ್ಟಿರುವ ಹೆಸರು ಅಟ್ಟಹಾಸ, ಎಂದರೆ ದೊಡ್ಡ ನಗು.

ಬಂಗಾಳದಲ್ಲಿ ಈ ನಂಟು ಇನ್ನೂ ಬಿಚ್ಚುಬಿಚ್ಚಾಗಿ ಕಾಣುತ್ತದೆ. ಕಲ್ಕತ್ತೆಯ ವಸ್ತುಸಂಗ್ರಹಾಲಯದಲ್ಲಿ ಕೆಲಸ ಮಾಡುತ್ತಿದ್ದ ತ್ರೈಲೋಕ್ಯನಾಥ ಮುಖೋಪಾಧ್ಯಾಯ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬರೆದ ದೆವ್ವಗಳು ವಿಡಂಬನೆಯ ಕೂಸುಗಳು. ನೀರು ಹೆಪ್ಪುಗಟ್ಟಿ ಮಂಜುಗಡ್ಡೆಯಾಗುವಂತೆ ಕತ್ತಲೆ ಹೆಪ್ಪುಗಟ್ಟಿ ದೆವ್ವವಾಗುತ್ತದೆ ಎಂಬ ವಿಜ್ಞಾನ ಅವನದು. ಉಪೇಂದ್ರಕಿಶೋರ ರಾಯಚೌಧುರಿ 1913ರಲ್ಲಿ ‘ಸಂದೇಶ್’ ಎಂಬ ಮಕ್ಕಳ ಪತ್ರಿಕೆ ತೆಗೆದಾಗ ಆ ಹೆಸರಿನಲ್ಲೇ ಸುದ್ದಿ ಮತ್ತು ಸಿಹಿತಿಂಡಿ ಎರಡೂ ಇದ್ದವು. ಅದರಲ್ಲಿ ಅವರು ಬರೆದ ಗೂಪಿ ಮತ್ತು ಬಾಘಾ, ಸಂಗೀತ ಬಾರದೆ ಊರಿಂದ ಹೊರದೂಡಿಸಿಕೊಂಡವರು. ರಾತ್ರಿ ಕಾಡಿನಲ್ಲಿ ಅವರನ್ನು ಸುತ್ತುವರಿದ ದೆವ್ವಗಳಿಗೆ ಮಾತ್ರ ಆ ಅಪಸ್ವರವೇ ಇಷ್ಟವಾಗಿ ವರ ಕೊಡುತ್ತವೆ. ಮೊಮ್ಮಗ ಸತ್ಯಜಿತ್ ರಾಯ್ 1961ರಲ್ಲಿ ಪತ್ರಿಕೆಯನ್ನು ಮತ್ತೆ ಶುರುಮಾಡಿ, ಅದೇ ಕಥೆಯನ್ನು 1969ರಲ್ಲಿ ಸಿನಿಮಾ ಮಾಡಿದರು. ಪತ್ರಿಕೆಯ ಸಂಪಾದಕತ್ವದಲ್ಲಿ ಕೈಜೋಡಿಸಿದ ಲೀಲಾ ಮಜುಂದಾರ್ ಕೂಡ ನಗೆಬರಹದಲ್ಲಿ ಪಳಗಿದ ದೆವ್ವದ ಕಥೆಗಾರ್ತಿಯೇ. ಬಂಗಾಳಿಯಲ್ಲಿ ಮಕ್ಕಳ ದೆವ್ವದ ಕಥೆ ಮೂರು ತಲೆಮಾರು ನಡೆದುಬಂದ ಪರಂಪರೆಯಾಗಿದ್ದರೆ ಅದು ಈ ಮನೆಯ ನಗುವಿನಿಂದ.

ಇನ್ನು ಎಲ್ಲಕ್ಕಿಂತ ದೊಡ್ಡ ಆಕ್ಷೇಪ: ನಗು ಬೆರೆಸಿದರೂ ವಿಷ ವಿಷವೇ, ಇಂಥ ಕಥೆಗಳಿಂದ ಮಕ್ಕಳು ಕೆಡುತ್ತಾರೆ ಎಂಬುದು. ಇದು 1954ರಲ್ಲಿ ಅಮೆರಿಕದ ಸೆನೆಟ್ಟಿನ ಮೆಟ್ಟಿಲೇರಿತು. ಬಿಲ್ ಗೇನ್ಸ್ ಎಂಬ ಪ್ರಕಾಶಕನ ಇ.ಸಿ. ಸಂಸ್ಥೆ 1950ರಿಂದ ಹೊರತರುತ್ತಿದ್ದ ಭಯಾನಕ ಕಾಮಿಕ್ಸ್‌ಗಳಲ್ಲಿ ಕಥೆ ಹೇಳುತ್ತಿದ್ದವರು ಶ್ಲೇಷೆಯ ಮೇಲೆ ಶ್ಲೇಷೆ ಸಿಡಿಸುವ ಮೂರು ಕುರೂಪಿ ಮುದಿಜೀವಗಳು. ಅದೇ ಸಂಸ್ಥೆ 1952ರಲ್ಲಿ ಶುರುಮಾಡಿದ ಇನ್ನೊಂದು ಪತ್ರಿಕೆಯೇ ಲೋಕಪ್ರಸಿದ್ಧ ನಗೆಪತ್ರಿಕೆ ‘ಮ್ಯಾಡ್’. ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಮಕ್ಕಳ ಅಪರಾಧಕ್ಕೆ ಕಾಮಿಕ್ಸ್‌ಗಳೇ ಕಾರಣವೆಂದು ಪುಸ್ತಕ ಬರೆದ. ಉದ್ಯಮ ತಾನೇ ನಿಯಮಾವಳಿ ಹಾಕಿಕೊಂಡಿತು, ಗೇನ್ಸ್‌ನ ಭಯಾನಕ ಪತ್ರಿಕೆಗಳು ಮುಚ್ಚಿದವು, ‘ಮ್ಯಾಡ್’ ಉಳಿಯಿತು. ವರ್ಥಮ್‌ನ ಕಾಗದಪತ್ರಗಳು ಮುಂದೆ ತೆರೆದಾಗ ಅವನು ಮಕ್ಕಳ ಹೇಳಿಕೆಗಳನ್ನು ತಿರುಚಿ, ಬೆಸೆದು ಬಳಸಿದ್ದನೆಂದು ಕ್ಯಾರಲ್ ಟಿಲ್ಲಿ ಎಂಬ ವಿದ್ವಾಂಸೆ 2012ರಲ್ಲಿ ತೋರಿಸಿದರು. ಅದೇ 1954ರ ಸೆಪ್ಟೆಂಬರಿನಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಗೋರ್ಬಲ್ಸ್ ಬಡಾವಣೆಯಲ್ಲಿ ನಡೆದದ್ದು ಇನ್ನೂ ಸ್ವಾರಸ್ಯದ್ದು. ಕಬ್ಬಿಣದ ಹಲ್ಲಿನ ಏಳಡಿ ಎತ್ತರದ ರಕ್ತಪಿಶಾಚಿಯೊಂದು ಇಬ್ಬರು ಹುಡುಗರನ್ನು ತಿಂದಿದೆ ಎಂದು ಸುದ್ದಿ ಹಬ್ಬಿ, ನೂರಾರು ಮಕ್ಕಳು ಚಾಕು, ಚೂಪು ಮಾಡಿದ ಕೋಲು ಹಿಡಿದು ಕತ್ತಲಾದ ಮೇಲೆ ಸ್ಮಶಾನಕ್ಕೆ ನುಗ್ಗಿದರು. ಪಕ್ಕದ ಕಬ್ಬಿಣದ ಕಾರ್ಖಾನೆಯ ಕೆಂಪು ಬೆಳಕು ಹೊಗೆಯ ಮೇಲೆ ಬಿದ್ದು ಗೋರಿಗಳೆಲ್ಲ ಅಲ್ಲಾಡಿದಂತೆ ಕಾಣುತ್ತಿದ್ದವು. ಯಾವ ಹುಡುಗನೂ ಕಾಣೆಯಾಗಿರಲಿಲ್ಲ. ಅಮೆರಿಕದ ಕಾಮಿಕ್ಸ್ ಓದಿಯೇ ಹೀಗಾಯಿತೆಂದು ಗುಲ್ಲೆದ್ದು, ಮರುವರ್ಷ ಬ್ರಿಟನ್ನಿನ ಸಂಸತ್ತು ಕಾಯಿದೆಯನ್ನೇ ಮಾಡಿತು. ಆದರೆ ಕಬ್ಬಿಣದ ಹಲ್ಲಿನ ಪಿಶಾಚಿ ಇರುವ ಒಂದು ಕಾಮಿಕ್ಸ್ ಕೂಡ ಸಿಗಲಿಲ್ಲ. ಅಂಥ ಹಲ್ಲು ಇದ್ದದ್ದು ಬೈಬಲ್ಲಿನ ದಾನಿಯೇಲನ ಗ್ರಂಥದಲ್ಲಿ, ಮತ್ತೆ ಸ್ಕಾಟ್ಲೆಂಡಿನ ಒಂದು ಹಳೆಯ ಮಕ್ಕಳ ಪದ್ಯದಲ್ಲಿ. ಇದಕ್ಕೂ ಬಹಳ ಮೊದಲು, 1821ರಲ್ಲಿ, ಚಾರ್ಲ್ಸ್ ಲ್ಯಾಂಬ್ ತನ್ನ ಪ್ರಬಂಧವೊಂದರಲ್ಲಿ ಒಂದು ಮಗುವಿನ ಉದಾಹರಣೆ ಕೊಟ್ಟಿದ್ದ. ಭೂತಪ್ರೇತಗಳ ಒಂದು ಮಾತೂ ಕಿವಿಗೆ ಬೀಳದಂತೆ ಜತನದಿಂದ ಬೆಳೆಸಿದ ಆ ಮಗುವೂ ರಾತ್ರಿ ತನ್ನದೇ ದಿಂಬಿನ ಮೇಲೆ ಬೆವರುತ್ತಿತ್ತು. ಭಯ ಮಗುವಿನೊಳಗೆ ಮೊದಲೇ ಇದೆ. ಕಥೆಗಾರ ಅದಕ್ಕೆ ಒಂದು ಆಕಾರ, ಒಂದು ಹಲ್ಲು, ಒಂದು ಕೊನೆ ಕೊಡುತ್ತಾನೆ.

ನಿಷೇಧದ ಗಾಯ ಮಾಯಲು ಕಾಲು ಶತಮಾನ ಹಿಡಿಯಿತು. 1981ರಲ್ಲಿ ಬಂದ ‘ಕತ್ತಲಲ್ಲಿ ಹೇಳುವ ಭಯದ ಕಥೆಗಳು’ ಸಂಕಲನದ ಆಲ್ವಿನ್ ಶ್ವಾರ್ಟ್ಸ್ ಅಲ್ಲಿಗೆ ಬಂದ ದಾರಿ ನೋಡಿ. ಪತ್ರಕರ್ತನಾಗಿದ್ದವನು ಮಕ್ಕಳ ಜಾನಪದಕ್ಕೆ ಕೈಹಾಕಿ 1972ರಿಂದ ಮೊದಲು ಸಂಗ್ರಹಿಸಿದ್ದು ನಾಲಿಗೆ ತೊಡರುವ ನುಡಿಗಳನ್ನು, ಆಮೇಲೆ ಒಗಟು, ಚೇಷ್ಟೆ, ನಗೆಚಟಾಕಿಗಳನ್ನು. ಭಯದ ಕಥೆಗಳು ಆ ಸಾಲಿನಲ್ಲಿ ಮುಂದಿನವು. ಪುಸ್ತಕದ ಮೊದಲ ಕಥೆಯಲ್ಲಿ ಹುಡುಗನಿಗೆ ತೋಟದಲ್ಲಿ ಒಂದು ಕಾಲಿನ ಹೆಬ್ಬೆರಳು ಸಿಗುತ್ತದೆ, ತಾಯಿ ಅದನ್ನು ಸಾರಿಗೆ ಹಾಕುತ್ತಾಳೆ, ರಾತ್ರಿ ಅದರ ಒಡೆಯ ಹುಡುಕಿಕೊಂಡು ಬರುತ್ತಾನೆ. ಕೊನೆಯಲ್ಲಿ ಪಕ್ಕದಲ್ಲಿ ಕೂತವರ ಮೇಲೆ ಹಠಾತ್ತನೆ ಕೂಗಿ ಎರಗಬೇಕೆಂದು ಹೇಳುವವರಿಗೆ ಸೂಚನೆಯನ್ನೂ ಅಚ್ಚುಮಾಡಿದ್ದಾನೆ. ಇದು ಡ್ಯಾನ್ ಮಿಸ್ಸೌರಿಯ ಅಡುಗೆಮನೆಯಲ್ಲಿ ಹೇಳಿದ ಕಥೆಯ ಒಡಹುಟ್ಟು, ಸೂಚನೆಯೂ ಅವನ ಮೌನದ್ದೇ. ಸ್ಟೀಫನ್ ಗ್ಯಾಮೆಲ್ ಅದಕ್ಕೆ ಬರೆದ, ಮಸಿ ಸೋರಿದಂತಿರುವ ಚಿತ್ರಗಳಲ್ಲಿ ಮಾತ್ರ ನಗು ಕಡಿಮೆ. 1990ರ ದಶಕದುದ್ದಕ್ಕೂ ಅಮೆರಿಕದ ಗ್ರಂಥಾಲಯಗಳಲ್ಲಿ ಅತಿ ಹೆಚ್ಚು ಆಕ್ಷೇಪಣೆಗೆ ಗುರಿಯಾದ ಪುಸ್ತಕಗಳ ಪಟ್ಟಿಯಲ್ಲಿ ಈ ಸರಣಿ ಮೊದಲನೆಯದಾಗಲು ಆ ಚಿತ್ರಗಳ ಪಾಲು ದೊಡ್ಡದೆಂದು ನನ್ನ ಎಣಿಕೆ.

ಆರ್. ಎಲ್. ಸ್ಟೈನ್‌ನ ಕಥೆ ಇದಕ್ಕೆ ಮುಂದಿನ ಕೊಂಡಿ. 1943ರಲ್ಲಿ ಒಹಾಯೋದ ಕೊಲಂಬಸ್‌ನಲ್ಲಿ ಹುಟ್ಟಿದ ಇವನಿಗೆ ಇ.ಸಿ. ಕಾಮಿಕ್ಸ್ ಎಂದರೆ ಪ್ರಾಣ, ತಾಯಿ ಮನೆಯೊಳಗೆ ತರಲು ಬಿಡುತ್ತಿರಲಿಲ್ಲ. ಕ್ಷೌರದಂಗಡಿಯಲ್ಲಿ ಅವು ಸಿಗುತ್ತಿದ್ದುದರಿಂದ ಶನಿವಾರ ಶನಿವಾರವೂ ಕೂದಲು ಕತ್ತರಿಸಿಕೊಳ್ಳುತ್ತಿದ್ದೆ ಎಂದು ಅವನೇ ಹೇಳಿಕೊಂಡಿದ್ದಾನೆ. ಆದರೆ ದೊಡ್ಡವನಾಗಿ ಆದದ್ದು ಹಾಸ್ಯಬರಹಗಾರ. ‘ಜೋವಿಯಲ್ ಬಾಬ್ ಸ್ಟೈನ್’, ಎಂದರೆ ನಗೆಮುಖದ ಬಾಬ್ ಎಂಬ ಹೆಸರಿನಲ್ಲಿ ಡಜನುಗಟ್ಟಲೆ ಜೋಕಿನ ಪುಸ್ತಕ ಬರೆದ, 1975ರಿಂದ ಹತ್ತಿರ ಹತ್ತಿರ ಹತ್ತು ವರ್ಷ ‘ಬನಾನಾಸ್’ ಎಂಬ ನಗೆಪತ್ರಿಕೆ ನಡೆಸಿದ. ಒಂದು ದಿನ ಊಟದ ಮೇಜಿನಲ್ಲಿ ಸಂಪಾದಕಿಯೊಬ್ಬಳು ಹದಿಹರೆಯದವರಿಗೆ ಭಯದ ಕಾದಂಬರಿ ಬರೆದುಕೊಡು ಎಂದು ಶೀರ್ಷಿಕೆಯನ್ನೂ ತಾನೇ ಕೊಟ್ಟಳು. ಅಂಥ ಕಾದಂಬರಿ ಹೇಗಿರುತ್ತದೆಂದು ನೋಡಲು ಇವನು ಪುಸ್ತಕದಂಗಡಿಗೆ ಓಡಬೇಕಾಯಿತು. 1986ರಲ್ಲಿ ಆ ಪುಸ್ತಕ ಬಂತು, 1992ರಲ್ಲಿ ಎಂಟು ಹತ್ತು ವರ್ಷದ ಮಕ್ಕಳಿಗಾಗಿ ‘ಗೂಸ್‌ಬಂಪ್ಸ್’ ಸರಣಿ ಶುರುವಾಯಿತು. ಸರಣಿಯ ಮೊದಲ ಪುಸ್ತಕ ಬೇಕಾದ್ದಕ್ಕಿಂತ ಹೆಚ್ಚು ಹೆದರಿಸುತ್ತದೆ, ಅದರಲ್ಲಿ ಹಾಸ್ಯ ಇನ್ನೂ ಕೂಡಿಬಂದಿರಲಿಲ್ಲ ಎಂಬುದು ಅವನದೇ ತೀರ್ಮಾನ. ಕೈಗೆ ಹದ ಸಿಕ್ಕಿದ್ದು ನಗು ಸೇರಿದ ಮೇಲೆ. ಅವನ ಪುಟ್ಟ ಮಗ ಒಮ್ಮೆ ರಾಕ್ಷಸನ ಮುಖವಾಡ ಹಾಕಿಕೊಂಡು ಅದನ್ನು ಕಳಚಲಾರದೆ ಒದ್ದಾಡಿದ. ಆ ಗಳಿಗೆಯಿಂದ ಹುಟ್ಟಿದ್ದು 1993ರ ‘ದೆವ್ವ ಹಿಡಿದ ಮುಖವಾಡ’. ತಲೆ ಸಿಕ್ಕಿಕೊಂಡ ಮಗು ನೋಡುವವರಿಗೆ ನಗು, ಸಿಕ್ಕಿಕೊಂಡವನಿಗೆ ಉಸಿರುಗಟ್ಟುವ ಭಯ. ಎರಡನ್ನೂ ಒಂದೇ ಕಣ್ಣಿನಲ್ಲಿ ಕಂಡವನು ಮಾತ್ರ ಅದನ್ನು ಕಥೆ ಮಾಡಬಲ್ಲ. ಆ ಸರಣಿಯ ನಲವತ್ತು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾದವು. ಇದು ಸಾಹಿತ್ಯವಲ್ಲ, ಅಚ್ಚು ಹಾಕಿ ತೆಗೆದ ಸರಕು ಎಂದವರಿದ್ದಾರೆ. ಅಧ್ಯಾಯ ಅಧ್ಯಾಯಕ್ಕೂ ಒಂದು ಸುಳ್ಳು ಬೆಚ್ಚುಬೀಳಿಕೆ ಇಡುವ ಅವನ ವರಸೆ ನಾಲ್ಕು ಪುಸ್ತಕದಲ್ಲಿ ತಿಳಿದುಬಿಡುತ್ತದೆ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಆ ಸುಳ್ಳು ಬೆಚ್ಚುಬೀಳಿಕೆ ಎಂಬುದು ಜೋಕಿನ ಕಟ್ಟೇ ಎಂಬುದನ್ನು ನೆನಪಿಡಬೇಕು.

ಕನ್ನಡದ ಮಾತಿಗೆ ಬಂದರೆ, ನಮ್ಮ ಜನ ಕಟ್ಟಿದ ಅತ್ಯಂತ ಗೆಲುವಾದ ದೆವ್ವದ ಕಥೆಯೂ ನಗುವಿನದೇ. 1990ರ ದಶಕದಲ್ಲಿ ಕರ್ನಾಟಕದ ಊರೂರಿನಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ರಾತ್ರಿ ಪರಿಚಿತರ ದನಿಯಲ್ಲಿ ಕರೆದು ಬಾಗಿಲು ತಟ್ಟುವ ಪಿಶಾಚಿ ಅದನ್ನು ಓದಿಕೊಂಡು ಹಿಂದಿರುಗುತ್ತದೆ, ಮರುದಿನ ಬಂದು ಮತ್ತೆ ಓದುತ್ತದೆ. ಕನ್ನಡ ಓದಬಲ್ಲ, ಮಾತಿಗೆ ಬದ್ಧವಾದ, ಆದರೆ ‘ನಾಳೆ’ ಎಂಬುದರ ಅರ್ಥ ಮಾತ್ರ ಹೊಳೆಯದ ಈ ದೆವ್ವವನ್ನು ಕಂಡು ನಡುಗಿದ ಮಕ್ಕಳೇ ನಕ್ಕರು ಕೂಡ. ಆದರೆ ಇನ್ನೂ ಆಳವಾದ ಉದಾಹರಣೆ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’. ಅದರ ಬೇರು ಜರ್ಮನಿಯ ಹ್ಯಾಮೆಲಿನ್ ಊರಿನಲ್ಲಿದೆ. 1284ರ ಜೂನ್ 26ರಂದು ಬೆಳ್ಳಿಯ ಕೊಳಲು ಹಿಡಿದು ಬಂದ ಒಬ್ಬ ಚೆಲುವನ ಹಿಂದೆ ಊರಿನ 130 ಮಕ್ಕಳು ಹೋದರು, ಮರಳಲಿಲ್ಲ ಎಂದು ಹದಿನೈದನೆಯ ಶತಮಾನದ ಒಂದು ಹಸ್ತಪ್ರತಿ ಹೇಳುತ್ತದೆ. ಅಷ್ಟೇ. ಅದರಲ್ಲಿ ಇಲಿಗಳಿಲ್ಲ. ಹತ್ತಿರ ಹತ್ತಿರ ಮುನ್ನೂರು ವರ್ಷ ಅದು ದೊಡ್ಡವರ ದುಃಖದ ದಾಖಲೆಯಾಗಿ ಉಳಿಯಿತು. ಇಲಿಗಳು ಕಥೆಯೊಳಗೆ ಬಂದದ್ದು ಹದಿನಾರನೆಯ ಶತಮಾನದ ನಡುವಿನಲ್ಲಿ. ಇಲಿಗಳು ತಂದದ್ದು ನಗುವನ್ನಲ್ಲ, ಕಾರಣವನ್ನು, ಮಾತು ತಪ್ಪಿದ್ದಕ್ಕೆ ಶಿಕ್ಷೆ ಎಂಬ ತರ್ಕವನ್ನು ಎಂದು ವಾದಿಸಬಹುದು, ಅದೂ ಸರಿಯೇ. ಆದರೆ ರಾಬರ್ಟ್ ಬ್ರೌನಿಂಗ್ 1842ರಲ್ಲಿ, ಕಾಯಿಲೆ ಬಿದ್ದಿದ್ದ ವಿಲ್ಲಿ ಎಂಬ ಹುಡುಗ ಹಾಸಿಗೆಯಲ್ಲಿ ಕೂತು ಚಿತ್ರ ಬರೆಯಲೆಂದು ಆ ಕಥೆಯನ್ನು ಪದ್ಯ ಮಾಡಿದಾಗ, ಇಲಿಗಳು ತಮ್ಮ ಪೂರ್ತಿ ತುಂಟತನದೊಂದಿಗೆ ಎದ್ದು ಬಂದವು. ಕುವೆಂಪು ಅವನ್ನು ತುಂಗೆಯ ದಡಕ್ಕೆ ತಂದರು. ಬಗೆಬಗೆಯ ಇಲಿಗಳು ಮನೆ ಮೂಲೆಗಳಿಂದ ಹೊರಟು ಜೋಗಿಯ ಹಿಂದೆ ಸಾಲುಗಟ್ಟುವಾಗ ಪದ್ಯ ಕುಣಿಯುತ್ತದೆ, ಕೇಳುವ ಮಕ್ಕಳು ಕುಣಿಯುತ್ತಾರೆ. ಇಲಿಗಳೆಲ್ಲ ತುಂಗೆಯ ಪಾಲಾಗುತ್ತವೆ. ಗೌಡ ಮಾತಿಗೆ ತಪ್ಪುತ್ತಾನೆ. ಜೋಗಿ ಮತ್ತೆ ಕಿಂದರಿ ಹಿಡಿಯುತ್ತಾನೆ, ಅದೇ ನಾದ, ಅದೇ ಬೀದಿ, ಅದೇ ಮೆರವಣಿಗೆ. ಈ ಸಲ ಮನೆಗಳಿಂದ ಹೊರಬರುತ್ತಿರುವವರು ಮಕ್ಕಳು.

ಮೊದಲ ಮೆರವಣಿಗೆಯಲ್ಲಿ ನಕ್ಕ ಮಗುವಿಗೆ ಎರಡನೆಯದು ಎಲ್ಲಿಗೆ ಹೊರಟಿದೆ ಎಂದು ಯಾರೂ ಹೇಳಬೇಕಾಗಿಲ್ಲ. ಹ್ಯಾಮೆಲಿನ್ನಿನಲ್ಲಿ ಮಕ್ಕಳು ನಡೆದುಹೋದರೆಂದು ಹೇಳುವ ಬೀದಿಯೊಂದಿದೆ. ಅಲ್ಲಿ ಇಂದಿಗೂ ವಾದ್ಯ ನುಡಿಸುವುದಿಲ್ಲ, ಮದುವೆಯ ಮೆರವಣಿಗೆ ಬಂದರೂ ಆ ಬೀದಿ ದಾಟುವ ತನಕ ಬಾಜಾಬಜಂತ್ರಿ ನಿಲ್ಲುತ್ತದೆ. ಕರ್ನಾಟಕದ ಶಾಲೆಗಳ ವಾರ್ಷಿಕೋತ್ಸವದಲ್ಲಿ ಕಿಂದರಿಜೋಗಿಯನ್ನು ಆಡುವಾಗ ಮಕ್ಕಳು ಇಲಿಯ ಪಾತ್ರಕ್ಕಾಗಿ ಪೈಪೋಟಿ ನಡೆಸುತ್ತಾರೆ, ಸೊಂಟಕ್ಕೆ ಹಗ್ಗದ ಬಾಲ ಕಟ್ಟಿಕೊಂಡು ವೇದಿಕೆಯ ಮೇಲೆ ಉರುಳಾಡುತ್ತಾರೆ. ಆಮೇಲೆ ಬಾಲ ಬಿಚ್ಚಿಟ್ಟು ಬೊಮ್ಮನಹಳ್ಳಿಯ ಮಕ್ಕಳಾಗಿ ಅದೇ ಸಾಲಿನಲ್ಲಿ ನಿಲ್ಲುತ್ತಾರೆ.